ಐದು ಕಡೆ ಕೂಡುವ ಸಭೆ, ಕೋಣೆಯಲ್ಲಿ ಉಳಿದ 140 ಬ್ಯಾಗು

ಪ್ರಶ್ನೆ: ನಮ್ಮ ಕ್ರೈಸ್ತ ಸಭೆ (ಚರ್ಚ್) ಐದು ಕಡೆ ಕೂಡುತ್ತದೆ. ಹೆಸರು ಒಂದೇ, ಹಿರಿಯರ ಮಂಡಳಿ ಒಂದೇ, ಕಾಣಿಕೆಯ ಲೆಕ್ಕವೂ ಒಂದೇ. ಅದರಲ್ಲಿ ಚಿಕ್ಕದೊಂದು ಶಾಖೆಯಲ್ಲಿ ಸಮಾಜಸೇವೆಯ ಜವಾಬ್ದಾರಿ ನನ್ನದು. ಏನು ಮಾಡಬೇಕು ಎನ್ನುವುದು ಮುಖ್ಯ ಕಚೇರಿಯಲ್ಲಿ ತೀರ್ಮಾನವಾಗಿ ಬರುತ್ತದೆ. ಕಳೆದ ಸಲ ಎಲ್ಲ ಶಾಖೆಗಳಿಗೂ ತಲಾ 200 ಶಾಲಾ ಬ್ಯಾಗು ಕಳಿಸಿದರು. ನಮ್ಮ ಸುತ್ತ ಇರುವವರಲ್ಲಿ ವಯಸ್ಸಾದವರೇ ಜಾಸ್ತಿ. 140 ಬ್ಯಾಗು ಇನ್ನೂ ಹಿಂದಿನ ಕೋಣೆಯಲ್ಲಿವೆ. ಕೆಲಸಕ್ಕೆ ಬರುವವರು ಯಾವಾಗಲೂ ಅದೇ 18 ಜನ. ಎಲ್ಲರೂ ದಣಿದಿದ್ದಾರೆ. ಅಕ್ಕಪಕ್ಕದವರು ‘ಇದೆಲ್ಲ ಜನರನ್ನು ಸೆಳೆಯೋಕೆ’ ಅನ್ನುತ್ತಾರೆ. ಸಭೆಯವರೇ ಕೆಲವರು ‘ಮೊದಲು ನಮ್ಮವರನ್ನು ನೋಡಿ’ ಅನ್ನುತ್ತಾರೆ. ಸೇವೆಯ ಕೆಲಸದ ಮಟ್ಟಿಗೆ ನಮ್ಮ ಶಾಖೆ ಬೇರೆಯಾಗಿಬಿಡಲಿ ಅನ್ನಿಸುತ್ತಿದೆ. ಹೀಗೆ ಯೋಚಿಸುವುದು ತಪ್ಪಾ?

ಉತ್ತರ: ತಪ್ಪಲ್ಲ. ಆದರೆ ದುಡುಕಬೇಡಿ. ನಿಮ್ಮ ಪತ್ರದಲ್ಲಿ ನಾಲ್ಕು ಸಂಕಟಗಳು ಒಂದಕ್ಕೊಂದು ಗಂಟು ಬಿದ್ದಿವೆ. ಬೇಡದ ವಸ್ತು ಬಂತು. ಕೆಲಸ ಮಾಡುವವರು ದಣಿದರು. ಹೊರಗಿನವರಿಗೆ ಅನುಮಾನ ಬಂತು. ಒಳಗಿನವರು ಗೊಣಗಿದರು. ಬೇರೆಯಾಗುವುದು ಇದರಲ್ಲಿ ಮೊದಲನೆಯದಕ್ಕೆ ಮಾತ್ರ ಮದ್ದು, ಅದೂ ಪೂರ್ತಿ ಅಲ್ಲ. ಉಳಿದ ಮೂರೂ ನಿಮ್ಮ ಹಿಂದೆಯೇ ಬರುತ್ತವೆ.

ಸಭೆಗಳು ನಡೆಸುವ ಸೇವಾ ಕೆಲಸಕ್ಕೆ ಸಲಹೆ ಕೊಡುವುದು ಇಪ್ಪತ್ತು ವರ್ಷಗಳಿಂದ ನನ್ನ ಕೆಲಸ. ಹೊಸ ಕಡೆ ಹೋದಾಗ ಮೊದಲು ಸ್ಟೋರ್ ರೂಮ್ ತೋರಿಸಿ ಎಂದು ಕೇಳುತ್ತೇನೆ. ಒಂದು ಕಡೆ ಕಂಬಳಿಯ ಬಂಡಲ್‌ಗಳು ಕಟ್ಟು ಬಿಚ್ಚದೆ ಸೂರಿನವರೆಗೂ ಪೇರಿಸಿದ್ದವು. ಮೇಲಿನ ಬಂಡಲ್ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಬೀಗ ತೆಗೆದ ಹೆಂಗಸು ತಾನೇ ಏನೋ ತಪ್ಪು ಮಾಡಿದ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ‘ಬೇಡ ಅಂತ ಹೇಗೆ ಹೇಳೋದು ಸರ್, ಪ್ರೀತಿಯಿಂದ ಕಳಿಸಿದ್ದಾರೆ’ ಎಂದರು. ನಿಮ್ಮ ಪತ್ರ ಓದುವಾಗ ಅವರೇ ನೆನಪಾದರು. ನಾಚಿಕೊಳ್ಳಬೇಡಿ. ಆ 140 ಬ್ಯಾಗು ನಿಮ್ಮ ಸೋಲಲ್ಲ. ಅವು ಒಂದು ಸುದ್ದಿ ಹೇಳುತ್ತಿವೆ. ಆ ಸುದ್ದಿಯನ್ನು ಮುಖ್ಯ ಕಚೇರಿಗೆ ಮುಟ್ಟಿಸುವುದಷ್ಟೇ ಬಾಕಿ.

ಇದು ಯಾಕೆ ಹೀಗಾಗುತ್ತದೆ ಎಂದು ಮೊದಲು ನೋಡೋಣ. ಮುಖ್ಯ ಕಚೇರಿಯವರಿಗೆ ಕಾಳಜಿ ಇಲ್ಲ ಅಂತಲ್ಲ. ಒಂದೇ ಸಭೆ ಹಲವು ಕಡೆ ಕೂಡುವ ಈ ಮಾದರಿ 1990ರ ದಶಕದಿಂದ ಈಚೆಗೆ, ಮುಖ್ಯವಾಗಿ ಅಮೆರಿಕದಲ್ಲಿ, ಬೇಗ ಬೆಳೆಯಿತು. ಒಬ್ಬರ ಪ್ರಸಂಗವನ್ನು, ಅಂದರೆ ಆರಾಧನೆಯ ಉಪದೇಶವನ್ನು, ವಿಡಿಯೊದಲ್ಲಿ ಬೇರೆ ಕಡೆಯೂ ತೋರಿಸುವ ಅನುಕೂಲ ಬಂದದ್ದು ಅದಕ್ಕೆ ಒಂದು ಕಾರಣ. ಅಂದರೆ ಭಾನುವಾರದ ಆರಾಧನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ವ್ಯವಸ್ಥೆ ಇದು. ಅಲ್ಲಿ ಎಲ್ಲ ಕಡೆ ಒಂದೇ ಥರ ಇರುವುದು ಒಳ್ಳೆಯದೇ. ಹಾಡು ಒಂದೇ, ಪಾಠ ಒಂದೇ, ಮಕ್ಕಳ ಕ್ಲಾಸಿನ ಪುಸ್ತಕ ಒಂದೇ. ಆಮೇಲೆ ಸಮಾಜಸೇವೆಯನ್ನೂ ಅದೇ ಅಚ್ಚಿಗೆ ಹಾಕುತ್ತಾರೆ. ಎಡವುವುದು ಇಲ್ಲೇ. ಪ್ರಸಂಗ ಐದು ಕಡೆ ಒಂದೇ ಇರಬಹುದು. ಬೀದಿಯ ಕಷ್ಟ ಐದು ಕಡೆ ಒಂದೇ ಇರಲ್ಲ.

ಇನ್ನೆರಡು ಕಾರಣಗಳಿವೆ. ಸಾವಿರ ಬ್ಯಾಗು ಒಟ್ಟಿಗೆ ಕೊಂಡರೆ ಅಗ್ಗ. ಸಮನಾಗಿ ಹಂಚಿದರೆ ಯಾರೂ ತಕರಾರು ಮಾಡಲ್ಲ. ಮತ್ತೆ, ವಸ್ತುವನ್ನು ಎಣಿಸಬಹುದು. ‘ಇಷ್ಟು ಬ್ಯಾಗು ಹಂಚಿದೆವು’ ಎಂದು ವರದಿಯಲ್ಲಿ ಬರೆಯಬಹುದು, ಫೋಟೊ ಹಾಕಬಹುದು. ಒಬ್ಬ ಅಜ್ಜಿಯ ಜೊತೆ ಆಸ್ಪತ್ರೆಯ ಸಾಲಿನಲ್ಲಿ ನಾಲ್ಕು ಗಂಟೆ ಕೂತೆವು ಎನ್ನುವುದಕ್ಕೆ ಆ ವರದಿಯಲ್ಲಿ ಕಾಲಂ ಇರುವುದಿಲ್ಲ. ಕಾಲಂ ಇಲ್ಲದ ಕೆಲಸಕ್ಕೆ ಬಜೆಟ್ಟೂ ಇರುವುದಿಲ್ಲ. ನಾನು ಕಂಡ ಮಟ್ಟಿಗೆ, ಸಭೆಗಳ ಸೇವೆ ದಾರಿ ತಪ್ಪುವುದು ದುರಾಸೆಯಿಂದ ಅಪರೂಪ. ಈ ಎಣಿಕೆಯ ಅಭ್ಯಾಸದಿಂದಲೇ ಜಾಸ್ತಿ.

ಕ್ರೈಸ್ತ ಸಭೆಗೆ ಇದು ಹೊಸ ಪಾಠವೂ ಅಲ್ಲ. ಫ್ರಾನ್ಸಿನ ಶಾಟಿಯೋ ಎಂಬ ಊರಲ್ಲಿ 1617ರ ಆಗಸ್ಟ್ ತಿಂಗಳ ಒಂದು ಭಾನುವಾರ ವಿನ್ಸೆಂಟ್ ಡಿ ಪಾಲ್ ಎಂಬ ಪಾದ್ರಿ ಪ್ರಸಂಗಕ್ಕೆ ನಿಂತರು. ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡುವವರಿಲ್ಲ ಎಂದು ಜನರಿಗೆ ಹೇಳಿದರು. ಆ ಮಧ್ಯಾಹ್ನ ಅವರೂ ಆ ಮನೆಯ ಕಡೆ ಹೊರಟಾಗ ದಾರಿಯುದ್ದಕ್ಕೂ ಜನ. ಎಲ್ಲರೂ ಅಲ್ಲಿಗೆ ಊಟ ಹೊತ್ತುಕೊಂಡು ಹೋಗುವವರು, ಇಲ್ಲವೇ ಕೊಟ್ಟು ಬರುವವರು. ವಿನ್ಸೆಂಟ್‌ಗೆ ಹೊಳೆದದ್ದು ಒಂದೇ: ಇವತ್ತು ಇಷ್ಟೊಂದು ಬಂತು, ಸ್ವಲ್ಪ ಕೆಟ್ಟುಹೋಗುತ್ತದೆ, ನಾಳಿದ್ದರಿಂದ ಮತ್ತೆ ಉಪವಾಸ. ಜನರಿಗೆ ಪ್ರೀತಿ ಇದೆ, ಅದಕ್ಕೆ ಒಂದು ಏರ್ಪಾಡಿಲ್ಲ. ಕೆಲವೇ ದಿನಗಳಲ್ಲಿ ಆ ಊರಿನ ಹೆಂಗಸರನ್ನು ಸೇರಿಸಿ, ದಿನಕ್ಕೊಬ್ಬರಂತೆ ಸರದಿ ಹಾಕಿದರು. ಅದೇ ವರ್ಷ ಅದಕ್ಕೊಂದು ಲಿಖಿತ ನಿಯಮವೂ ಆಯಿತು. ಮುಂದೆ ಅಂಥ ಗುಂಪುಗಳು ಊರೂರಿಗೆ ಹಬ್ಬಿದವು. ನಿಮ್ಮ ಹಿಂದಿನ ಕೋಣೆ ಆ ಭಾನುವಾರದ ಮಧ್ಯಾಹ್ನದ ಹಾಗೇ ಇದೆ. ಪ್ರೀತಿ ಬಂದು ತಲುಪಿದೆ, ಸರದಿ ಇನ್ನೂ ಹಾಕಿಲ್ಲ.

ಯಾವುದು ಹತ್ತಿರ, ಯಾವುದು ಒಟ್ಟಿಗೆ

ನನ್ನ ಮಾತಿನ ತಿರುಳು ಇಷ್ಟು. ಯಾರಿಗೆ ಏನು ಬೇಕು ಎಂದು ತಿಳಿಯುವ ಕೆಲಸ ಶಾಖೆಯ ಕೈಯಲ್ಲಿರಬೇಕು. ಅದರ ಭಾರ ಹೊರುವ ಕೆಲಸ ಎಲ್ಲ ಶಾಖೆಗಳೂ ಸೇರಿ ಮಾಡಬೇಕು. ನಿಮ್ಮ ಸಭೆಯಲ್ಲಿ ಈಗ ಇದು ತಲೆಕೆಳಗಾಗಿದೆ. ತಿಳಿಯುವ ಕೆಲಸ ಕಚೇರಿಯಲ್ಲಿದೆ. ಭಾರ ನಿಮ್ಮ 18 ಜನರ ಹೆಗಲ ಮೇಲಿದೆ.

ತಿಳಿಯುವುದು ಅಂದರೆ ಸರ್ವೆ ಫಾರಂ ಹಂಚುವುದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1742ರಲ್ಲಿ, ಜಾನ್ ವೆಸ್ಲಿ ಎಂಬ ಪಾದ್ರಿ ಕಟ್ಟಿದ ಮೆಥಡಿಸ್ಟ್ ಎಂಬ ಕ್ರೈಸ್ತ ಚಳವಳಿಯವರು ಕಟ್ಟಡದ ಸಾಲ ತೀರಿಸಬೇಕಿತ್ತು. ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡುವುದು, ಹನ್ನೆರಡು ಜನರಿಗೆ ಒಬ್ಬ ಮುಖಂಡ, ಅವನು ಮನೆಮನೆಗೆ ಹೋಗಿ ವಸೂಲು ಮಾಡುವುದು ಎಂದು ಗೊತ್ತುಮಾಡಿದರು. ಹಣಕ್ಕಾಗಿ ಬಾಗಿಲು ತಟ್ಟಿದವರಿಗೆ ಒಳಗಿನ ಬದುಕು ಕಂಡಿತು. ಯಾರು ಹೇಗಿದ್ದಾರೆ, ಯಾವ ಮನೆಯಲ್ಲಿ ಏನು ನಡೆದಿದೆ ಎನ್ನುವುದು ವಾರವಾರವೂ ತಿಳಿಯತೊಡಗಿತು. ಸಾಲ ತೀರಿಸಲು ಹುಟ್ಟಿದ ಈ ‘ಕ್ಲಾಸ್’ ಕೂಟ ಮೆಥಡಿಸ್ಟ್ ಚಳವಳಿಯ ಬೆನ್ನೆಲುಬಾಯಿತು. ವೆಸ್ಲಿ 1746ರಲ್ಲಿ ಲಂಡನ್ನಿನಲ್ಲಿ ಬಡವರಿಗೆ ಔಷಧಾಲಯ ತೆರೆದರು, ಸಣ್ಣ ಸಾಲದ ನಿಧಿಯನ್ನೂ ಶುರುಮಾಡಿದರು. ನಾಲ್ಕಾರು ಕಡೆ ಕೂಡುವ ಸಭೆಗಳಿಗೆ ಈ ಉದಾಹರಣೆಯನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ. ಅವರ ಕೂಟಗಳೂ ಹಲವು ಊರುಗಳಲ್ಲಿ ಹರಡಿದ್ದವು. ಅವನ್ನೆಲ್ಲ ಗಟ್ಟಿಯಾಗಿ ಹಿಡಿದದ್ದು ಹನ್ನೆರಡು ಮನೆಯ ಬಾಗಿಲು ಗೊತ್ತಿದ್ದ ಒಬ್ಬೊಬ್ಬ ಮುಖಂಡ.

ನಿಮ್ಮ ಶಾಖೆಯಲ್ಲೂ ಇದನ್ನು ಮಾಡಬಹುದು. ಇದಕ್ಕೆ ಖರ್ಚಿಲ್ಲ. ಒಂದು ಶಾಖೆಯವರು ಪಕ್ಕದ ಬಾಗಿಲಿನ ಒಳಗೆ ಮೊಳೆ ಹೊಡೆದು, ದಾರ ಕಟ್ಟಿದ ಒಂದು ನೋಟ್‌ಬುಕ್ ನೇತುಹಾಕಿದ್ದರು. ವಾರದ ದಿನ ಯಾರೇ ಬಂದು ಏನೇ ಕೇಳಲಿ, ಒಂದು ಸಾಲು ಬರೆಯುವುದು. ಹೆಸರು ಬೇಡ. ದಿನಾಂಕ ಮತ್ತು ಕೇಳಿದ್ದು, ಇಷ್ಟೇ. ಮೂರು ತಿಂಗಳಾದ ಮೇಲೆ ಎಲ್ಲರೂ ಕೂತು ಓದಿದೆವು. ದಿನಸಿ ಕೇಳಿದವರು ನಾಲ್ಕೈದು ಜನ. ‘ಈ ಕಾಗದದಲ್ಲಿ ಏನಿದೆ ಓದಿ ಹೇಳಿ’ ಅಂತ ಬಂದವರು ಅದಕ್ಕಿಂತ ಎಷ್ಟೋ ಜಾಸ್ತಿ. ಪಿಂಚಣಿಯ ಪತ್ರ, ಬ್ಯಾಂಕಿನ ಪತ್ರ, ಆಸ್ಪತ್ರೆಯ ಪತ್ರ. ಅಲ್ಲಿಯವರೆಗೆ ಆ ಶಾಖೆ ತಿಂಗಳಿಗೊಮ್ಮೆ ದಿನಸಿ ಕಿಟ್ ಹಂಚುತ್ತಿತ್ತು. ಆಮೇಲೆ ವಾರಕ್ಕೆ ಎರಡು ಸಂಜೆ ಒಂದು ಮೇಜು, ಎರಡು ಕುರ್ಚಿ, ಕನ್ನಡಕ ಹಾಕಿಕೊಂಡ ಒಬ್ಬ ನಿವೃತ್ತ ಗುಮಾಸ್ತರು. ಅಷ್ಟರಲ್ಲೇ ಆ ಬೀದಿಯ ಜನಕ್ಕೆ ಆ ಸಭೆ ಬೇಕಾದ ಜಾಗವಾಯಿತು.

ಇನ್ನು ಭಾರ ಹೊರುವುದು. ಇದರಲ್ಲಿ ಒಂದೇ ಸಭೆಯಾಗಿರುವುದರ ನಿಜವಾದ ಲಾಭ ಇದೆ. ಬಡತನ ಜಾಸ್ತಿ ಇರುವ ಕಡೆಯ ಶಾಖೆಗೆ ಕಾಣಿಕೆ ಕಡಿಮೆ ಬರುತ್ತದೆ. ಕಾಣಿಕೆ ಚೆನ್ನಾಗಿ ಬರುವ ಕಡೆ ಕಷ್ಟ ಕಡಿಮೆ ಇರಬಹುದು. ಲೆಕ್ಕ ಒಂದೇ ಆಗಿದ್ದರೆ ಈ ಅಂತರ ತುಂಬಬಹುದು. ಬೈಬಲ್ಲಿನ ಅಪೊಸ್ತಲ ಪೌಲ ಮಾಡಿದ್ದೂ ಇದನ್ನೇ ಅಲ್ವಾ. ಗ್ರೀಸ್ ಕಡೆಯ ಮಕೆದೋನ್ಯ, ಅಖಾಯದ ಸಭೆಗಳಿಂದ ಹಣ ಕೂಡಿಸಿ ಯೆರೂಸಲೇಮಿನ ಬಡವರಿಗೆ ಕಳಿಸಿದ. ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯ ತೆಗೆದು ನೋಡಿ. ನಿಮಗೆ ಕಷ್ಟ ಹೊರಿಸಿ ಬೇರೆಯವರಿಗೆ ಸುಖ ಕೊಡುವುದು ನನ್ನ ಉದ್ದೇಶವಲ್ಲ, ಸಮಾನತೆ ಇರಲಿ ಎನ್ನುತ್ತಾನೆ. ಈಗ ನಿಮ್ಮಲ್ಲಿ ಹೆಚ್ಚಿರುವುದು ಅವರ ಕೊರತೆ ನೀಗಲಿ, ಮುಂದೆ ಅವರಲ್ಲಿ ಹೆಚ್ಚಾದದ್ದು ನಿಮಗಾಗಲಿ ಎಂಬ ಅರ್ಥದ ಮಾತು. ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಹಣ ಒಯ್ಯುವಾಗ ತನ್ನ ಜೊತೆಗಾರ ತೀತನ ಜೊತೆ, ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳಿಸುತ್ತಾನೆ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ಬೆರಳು ತೋರಿಸಬಾರದು ಅಂತ. ಹಣ ಎಣಿಸುವಾಗ ಸಂಬಂಧಿಕರಲ್ಲದ ಇಬ್ಬರು ಇರಬೇಕು ಎಂದು ಇವತ್ತು ಲೆಕ್ಕಪರಿಶೋಧಕರು ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸವೇನೂ ಇಲ್ಲ.

ಹಣದ ಜೊತೆ ಇನ್ನೂ ಮೂರು ಭಾರ ಕೇಂದ್ರದಲ್ಲೇ ಇರಲಿ. ಮಕ್ಕಳ ಜೊತೆ, ಒಂಟಿ ವೃದ್ಧರ ಜೊತೆ ಕೆಲಸ ಮಾಡುವವರ ಹಿನ್ನೆಲೆ ವಿಚಾರಿಸುವುದು ಒಂದು. ಅವರಿಗೆ ತರಬೇತಿ ಕೊಡುವುದು ಇನ್ನೊಂದು. ದೂರು ಕೇಳಲು ಶಾಖೆಯವರಲ್ಲದ ಒಬ್ಬರಿರುವುದು ಮೂರನೆಯದು. ಚಿಕ್ಕ ಶಾಖೆಯಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರು. ‘ಅವರನ್ನು ಹೇಗೆ ಕೇಳೋದು, ನಮ್ಮ ಅಣ್ಣನ ಹಾಗೆ’ ಎಂದು ಸುಮ್ಮನಾಗಿಬಿಡುತ್ತಾರೆ. ದೊಡ್ಡ ಅನಾಹುತಗಳು ಆಗುವುದೇ ಈ ಸಂಕೋಚದ ಮರೆಯಲ್ಲಿ. ಮಗುವಿನ ಜೊತೆ ಒಬ್ಬ ದೊಡ್ಡವರು ಮಾತ್ರ ಮುಚ್ಚಿದ ಕೋಣೆಯಲ್ಲಿ ಇರಬಾರದು ಎಂಬ ನಿಯಮಕ್ಕೆ ಯಾರಿಗೂ ವಿನಾಯಿತಿ ಬೇಡ, ಪಾಸ್ಟರಿಗೂ ಬೇಡ. ನೀವು ಬೇರೆಯಾದರೆ ಮೊದಲು ಸಡಿಲವಾಗುವುದು ಈ ಕಾವಲು. ನನಗೆ ಭಯ ಇರುವುದು ಅದಕ್ಕೇ.

ಈ ಹಂಚಿಕೆ ನಡೆಯುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಇಂಗ್ಲೆಂಡಿನಲ್ಲಿದೆ. ಜಾನ್ ಕರ್ಬಿ ಎಂಬವರು 1996ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ‘ಕ್ರಿಶ್ಚಿಯನ್ಸ್ ಅಗೇನ್‌ಸ್ಟ್ ಪಾವರ್ಟಿ’ ಶುರುಮಾಡಿದರು. ಸಾಲದಲ್ಲಿ ಮುಳುಗಿದವರಿಗೆ ದಾರಿ ತೋರಿಸುವ ಸಂಸ್ಥೆ. ಸಾಲ ಕೊಟ್ಟವರ ಜೊತೆ ಮಾತುಕತೆ, ಲೆಕ್ಕಾಚಾರ, ಕಾನೂನಿನ ತೊಡಕು, ಇವನ್ನೆಲ್ಲ ಮುಖ್ಯ ಕಚೇರಿಯ ಪರಿಣತರು ನೋಡಿಕೊಳ್ಳುತ್ತಾರೆ. ಮನೆಗೆ ಹೋಗುವುದು, ಒಡೆಯದೆ ಇಟ್ಟ ಲಕೋಟೆಗಳನ್ನು ಮೇಜಿನ ಮೇಲೆ ಹರಡಿ ಜೊತೆಗೆ ಕೂರುವುದು ಆಯಾ ಊರಿನ ಸಭೆಯ ಜನರ ಪಾಲು. ಕಷ್ಟದ ಲೆಕ್ಕ ದೂರದಲ್ಲಿ ನಡೆಯುತ್ತದೆ. ಮನುಷ್ಯರು ಮಾತ್ರ ಹತ್ತಿರದವರು.

ನಿಮ್ಮ ಮುಂದಿರುವ ದಾರಿಗಳು

ಈಗಿರುವ ಹಾಗೇ ಕಚೇರಿಯೇ ಎಲ್ಲ ತೀರ್ಮಾನಿಸಲಿ ಎನ್ನುವುದು ಒಂದು ದಾರಿ. ಖರ್ಚು ಕಡಿಮೆ, ಲೆಕ್ಕ ಸಲೀಸು. ನೆರೆಯೋ ಬೆಂಕಿಯೋ ಬಂದು ಎಲ್ಲರೂ ಒಂದೇ ದಿನ ಓಡಬೇಕಾದಾಗ ಇದೇ ಒಳ್ಳೆಯದು. ಉಳಿದ ದಿನಗಳಲ್ಲಿ ಇದು ನಿಮ್ಮ ಜನರನ್ನು ಸುಮ್ನೆ ಸಾಮಾನು ಇಳಿಸುವವರನ್ನಾಗಿ ಮಾಡಿಬಿಡುತ್ತದೆ. ಜನ ದಣಿಯುವುದು ಕೆಲಸ ಜಾಸ್ತಿ ಆದದ್ದಕ್ಕಷ್ಟೇ ಅಲ್ಲ. ಮಾಡಿದ್ದಕ್ಕೆ ಅರ್ಥ ಕಾಣದಿದ್ದಾಗ ಇನ್ನೂ ಬೇಗ ದಣಿಯುತ್ತಾರೆ.

ಎರಡನೆಯದು ನೀವು ಹೇಳಿದ್ದು, ಬೇರೆಯಾಗುವುದು. ಬೇಕಾದದ್ದನ್ನು ಬೇಗ ಮಾಡಬಹುದು. ಆದರೆ ಎಲ್ಲವೂ ಒಬ್ಬಿಬ್ಬರ ಮೇಲೆ ನಿಲ್ಲುತ್ತದೆ. ಆ ಒಬ್ಬರು ಊರು ಬಿಟ್ಟರೆ, ಕಾಯಿಲೆ ಬಿದ್ದರೆ, ಕೆಲಸ ನಿಂತಿತು. ನಂಬಿಕೊಂಡಿದ್ದ ವೃದ್ಧರಿಗೆ ಅದು ಎರಡನೇ ಪೆಟ್ಟು. ಮತ್ತೆ, ನಿಮ್ಮದು ಚಿಕ್ಕ ಶಾಖೆ. ಹಣದ ಕೊರತೆ ಮೊದಲ ವರ್ಷದಲ್ಲೇ ಕಾಣುತ್ತದೆ.

ಸೇವೆಯ ಕೆಲಸಕ್ಕೆ ಪ್ರತ್ಯೇಕ ಟ್ರಸ್ಟ್ ಮಾಡಿ ಎಂದು ಕೆಲವರು ಸಲಹೆ ಕೊಟ್ಟಿರಬಹುದು. ಲೆಕ್ಕ ಬೇರೆ ಇರುತ್ತದೆ, ಹೊರಗಿನವರೂ ದಾನ ಕೊಡಬಹುದು, ಸಭೆಯ ಕಟ್ಟಡದ ಹಣಕ್ಕೂ ಬಡವರ ಹಣಕ್ಕೂ ನಡುವೆ ಗೋಡೆ ಇರುತ್ತದೆ. ಆದರೆ ನೋಂದಣಿ, ವಾರ್ಷಿಕ ಲೆಕ್ಕ, ಆಡಿಟ್ ಎಲ್ಲ ಬರುತ್ತವೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಸ್ಥಳೀಯ ಲೆಕ್ಕಪರಿಶೋಧಕರನ್ನು ಕೇಳದೆ ಹೆಜ್ಜೆ ಇಡಬೇಡಿ. ಇನ್ನೊಂದು ಅಪಾಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಟ್ರಸ್ಟ್ ಬೆಳೆದು, ಸಂಬಳದವರು ಬಂದು, ಸಭೆಯವರು ಮೆಲ್ಲನೆ ‘ಅದನ್ನು ಅವರು ನೋಡ್ಕೊಳ್ತಾರೆ’ ಎಂದು ಕೈ ತೊಳೆದುಕೊಳ್ಳುತ್ತಾರೆ. ಐದೂ ಶಾಖೆಗಳಿಗೆ ಸೇರಿ ಒಂದು ಟ್ರಸ್ಟ್ ಆದರೆ ಯೋಚಿಸಬಹುದು. ಒಂದು ಚಿಕ್ಕ ಶಾಖೆಗೆ ಅದು ದೊಡ್ಡ ಹೊರೆ.

ನಾನು ನಿಮಗೆ ಹೇಳುವುದು ನಡುವಿನ ದಾರಿ. ನಿಧಿ ಒಂದೇ ಇರಲಿ. ಅದರಲ್ಲಿ ಪ್ರತಿ ಶಾಖೆಗೂ ಒಂದು ಪಾಲನ್ನು ಮೊದಲೇ ಗೊತ್ತುಮಾಡಲಿ, ಕಾಣಿಕೆ ಎಷ್ಟು ಬರುತ್ತದೆ ಎಂದಲ್ಲ, ಕಷ್ಟ ಎಷ್ಟಿದೆ ಎಂದು ನೋಡಿ. ಒಂದು ಮಿತಿಯೊಳಗಿನ ಖರ್ಚಿಗೆ ಶಾಖೆಯ ಮೂವರು ಸಹಿ ಹಾಕಿದರೆ ಸಾಕು, ಕಚೇರಿಯ ಅಪ್ಪಣೆಗೆ ಕಾಯಬೇಕಿಲ್ಲ. ಮಿತಿ ದಾಟಿದರೆ ಕೇಳಿ. ಒಂದು ಉದ್ದೇಶಕ್ಕೆಂದು ಕೊಟ್ಟ ಹಣವನ್ನು ಮಾತ್ರ ಇನ್ನೊಂದಕ್ಕೆ ಮುಟ್ಟಬೇಡಿ, ಎಷ್ಟೇ ತುರ್ತಿರಲಿ. ಕೊಟ್ಟವರನ್ನು ಕೇಳಿ, ಅವರು ಒಪ್ಪಿದರೆ ಬದಲಾಯಿಸಿ. ಈ ದಾರಿಗೂ ತೊಂದರೆ ಇದೆ. ಮೀಟಿಂಗ್ ಜಾಸ್ತಿ. ಶಾಖೆ ಶಾಖೆಗಳ ನಡುವೆ ‘ಅವರಿಗೆ ಯಾಕೆ ಅಷ್ಟು’ ಎಂಬ ಮಾತು ಬರುತ್ತದೆ. ಅದಕ್ಕೆ ಒಂದೇ ಉಪಾಯ, ಎಲ್ಲರ ಲೆಕ್ಕವೂ ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಹಚ್ಚುವುದು.

ಇದರ ಜೊತೆಗೆ, ಎಲ್ಲವನ್ನೂ ನೀವೇ ಮಾಡಬೇಕು ಎನ್ನುವ ಹಟ ಬಿಡಿ. ವೃದ್ಧರಿಗಾಗಿ ಕೆಲಸ ಮಾಡುವ ಬೇರೆಯವರು ನಿಮ್ಮ ಸುತ್ತ ಇರಬಹುದು. ಸರ್ಕಾರದವರು, ಬೇರೆ ಸಂಸ್ಥೆಯವರು, ಬೇರೆ ಧರ್ಮದವರು. ಅವರಲ್ಲಿಗೆ ದಾರಿ ತೋರಿಸುವುದೂ ಸೇವೆಯೇ. ಯೇಸು ಹೇಳಿದ ಕಥೆಯ ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ತನ್ನ ಮನೆಗೆ ಹೊತ್ತೊಯ್ಯಲಿಲ್ಲ. ಛತ್ರಕ್ಕೆ ಸೇರಿಸಿದ. ಮಾರನೆಯ ದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು ನೋಡಿಕೋ ಎಂದ, ಹೆಚ್ಚು ಖರ್ಚಾದರೆ ಬಂದಾಗ ಕೊಡುತ್ತೇನೆ ಎಂದ. ಬಲ್ಲವರ ಕೈಗೆ ಒಪ್ಪಿಸಿದ, ಮತ್ತೆ ಬರುತ್ತೇನೆ ಅಂತಲೂ ಹೇಳಿದ. ಈ ಎರಡನೆಯದನ್ನು ಮಾತ್ರ ನಾವು ಮರೆಯುತ್ತೇವೆ. ಯಾರನ್ನಾದರೂ ಬೇರೆ ಕಡೆ ಕಳಿಸಿದರೆ, ವಾರದ ನಂತರ ಒಂದು ಫೋನ್ ಮಾಡಿ: ಹೋದಿರಾ, ಕೆಲಸ ಆಯಿತಾ?

‘ಜನರನ್ನು ಸೆಳೆಯೋಕೆ’ ಎಂಬ ಮಾತು

ಈ ಮಾತು ಕೇಳಿ ನಿಮಗೆ ನೋವಾಗಿದೆ ಎಂದು ಗೊತ್ತು. ಆದರೂ ಆ ಅನುಮಾನವನ್ನು ಸುಮ್ನೆ ತಳ್ಳಿಹಾಕಬೇಡಿ. ಸಹಾಯ ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ಹಸಿದವನಿಗೆ, ಕಾಯಿಲೆಯವನಿಗೆ ‘ಇಲ್ಲ’ ಎನ್ನುವ ಶಕ್ತಿ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ‘ಪ್ರಾರ್ಥನೆಗೆ ಬನ್ನಿ’ ಎಂದು ನೀವು ಪ್ರೀತಿಯಿಂದ ಕರೆದರೂ, ಬರದಿದ್ದರೆ ಮುಂದಿನ ತಿಂಗಳು ಸಿಗುತ್ತೋ ಇಲ್ಲವೋ ಅಂತ ಅವರಿಗೆ ಅನ್ನಿಸುತ್ತದೆ. ನಿಮ್ಮ ಮನಸ್ಸಿನಲ್ಲಿ ಇಲ್ಲದ ಷರತ್ತು ಅವರ ಕಿವಿಗೆ ಕೇಳಿಸಿರುತ್ತದೆ.

ಈ ವಿಷಯದಲ್ಲಿ ಸಭೆಗಳು ತಾವೇ ಒಪ್ಪಿಕೊಂಡ ಒಂದು ಗೆರೆ ಇದೆ. ವಿಪತ್ತಿನ ಪರಿಹಾರ ಹೇಗೆ ನಡೆಯಬೇಕು ಎಂದು 1994ರಲ್ಲಿ ರೆಡ್‌ಕ್ರಾಸ್ ಮತ್ತು ಹಲವು ಸಂಸ್ಥೆಗಳು ಸೇರಿ ನಡವಳಿಕೆಯ ನಿಯಮಗಳನ್ನು ರೂಪಿಸಿದವು. ಯಾವ ಜನಾಂಗ, ಯಾವ ನಂಬಿಕೆ ಎಂದು ನೋಡದೆ, ಅಗತ್ಯ ಒಂದನ್ನೇ ನೋಡಿ ನೆರವು ಕೊಡಬೇಕು. ನೆರವನ್ನು ರಾಜಕೀಯ ಅಥವಾ ಧಾರ್ಮಿಕ ನಿಲುವು ಬೆಳೆಸಲು ಬಳಸಬಾರದು. ಇದನ್ನು ಬರೆದವರಲ್ಲಿ ಕ್ಯಾಥೊಲಿಕ್ ಸಭೆಯ ಕಾರಿತಾಸ್ ಇತ್ತು, ಲೂಥರನ್ ವರ್ಲ್ಡ್ ಫೆಡರೇಶನ್ ಇತ್ತು, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಇತ್ತು. ನಂಬಿಕೆ ಬಿಡಿ ಎಂದು ಯಾರೂ ಹೇಳಿಲ್ಲ. ನಂಬಿಕೆಯನ್ನು ನೆರವಿನ ಬೆಲೆ ಮಾಡಬೇಡಿ ಎಂದರು.

ಇದನ್ನು ನೀವು ಕಣ್ಣಿಗೆ ಕಾಣುವ ಹಾಗೆ ಮಾಡಬಹುದು. ನೆರವು ಕೊಡುವ ಹೊತ್ತು ಮತ್ತು ಆರಾಧನೆಯ ಹೊತ್ತು ಬೇರೆ ಬೇರೆ ಇರಲಿ. ಸಾಲಿನಲ್ಲಿ ನಿಂತವರ ಕೈಗೆ ಕರಪತ್ರ ಬೇಡ. ಫಾರಂನಲ್ಲಿ ಧರ್ಮದ ಕಾಲಂ ಬೇಡ. ಯಾರಾದರೂ ತಾವಾಗಿಯೇ ‘ನೀವು ಯಾಕೆ ಇದನ್ನೆಲ್ಲ ಮಾಡ್ತೀರಿ’ ಎಂದು ಕೇಳಿದರೆ, ಮುಚ್ಚುಮರೆ ಇಲ್ಲದೆ ಹೇಳಿ. ಫೋಟೊ ತೆಗೆಯಬೇಡಿ. ತೆಗೆಯಲೇಬೇಕೆಂದರೆ ಕೊಡುವ ಮೊದಲು ಕೇಳಬೇಡಿ, ಕೊಟ್ಟ ಮೇಲೆ ಕೇಳಿ, ‘ಬೇಡ’ ಅಂದರೆ ನಗುತ್ತಾ ಬಿಡಿ. ಅನುಮಾನ ಮಾತಿನಿಂದ ಹೋಗುವುದಿಲ್ಲ. ಎರಡು ಮೂರು ವರ್ಷ ಒಂದೇ ಥರ ನಡೆದುಕೊಂಡರೆ ಮೆಲ್ಲಗೆ ಕರಗುತ್ತದೆ. ಕೆಲವರಲ್ಲಿ ಕರಗದೆಯೂ ಇರಬಹುದು. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಇನ್ನೊಂದು ಸೂಕ್ಷ್ಮ ವಿಷಯ. ‘ಪ್ರಾರ್ಥನೆಗಾಗಿ’ ಎಂದು ಒಂದು ಮನೆಯ ಸಾಲ, ಜಗಳ, ಕಾಯಿಲೆಯನ್ನು ಹೆಸರು ಸಮೇತ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ತುಂಬ ಕಡೆ ರೂಢಿಯಾಗಿದೆ. ಹಾಕಿದವರ ಮನಸ್ಸು ಒಳ್ಳೆಯದೇ. ಆದರೆ ಐದು ಶಾಖೆಯ ಗುಂಪಿನಲ್ಲಿ ಅದು ನೂರಾರು ಜನರನ್ನು ತಲುಪುತ್ತದೆ. ತನ್ನ ಗಂಡನ ಕುಡಿತದ ವಿಷಯ ಬೇರೆ ಶಾಖೆಯವರ ಬಾಯಲ್ಲಿ ಕೇಳಿ ಒಬ್ಬ ಹೆಂಗಸು ಸಹಾಯ ಪಡೆಯುವುದನ್ನೇ ನಿಲ್ಲಿಸಿದ್ದು ನನಗೆ ಗೊತ್ತು. ಅವರನ್ನು ಮತ್ತೆ ಬಾಗಿಲಿಗೆ ಕರೆತರಲು ನಮ್ಮಿಂದ ಆಗಲಿಲ್ಲ. ಕೇಳಿಕೊಂಡವರ ಒಪ್ಪಿಗೆ ಇಲ್ಲದೆ ಹೆಸರು ಹೊರಗೆ ಹೋಗಬಾರದು. ದೇವರಿಗೆ ಹೆಸರು ಗೊತ್ತಿರುತ್ತದೆ.

‘ಮೊದಲು ನಮ್ಮವರು’ ಎನ್ನುವವರಿಗೆ

ಈ ಮಾತಿಗೆ ಕೋಪ ಮಾಡಿಕೊಳ್ಳಬೇಡಿ. ಹಾಗೆ ಹೇಳುವವರ ಮನೆಯಲ್ಲಿ ಹೇಳಿಕೊಳ್ಳಲಾಗದ ಕಷ್ಟ ಇರುವುದುಂಟು. ಮೊದಲು ಅದನ್ನು ವಿಚಾರಿಸಿ. ಎಲ್ಲರಿಗೂ ಒಳ್ಳೆಯದನ್ನು ಮಾಡಿ, ವಿಶೇಷವಾಗಿ ನಂಬಿಕೆಯ ಮನೆಯವರಿಗೆ ಎಂದು ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲೂ ಇದೆ. ಅದರಲ್ಲಿ ‘ಎಲ್ಲರಿಗೂ’ ಎನ್ನುವುದು ಮೊದಲು ಬಂದಿದೆ ಎಂದು ಮೆಲ್ಲಗೆ ನೆನಪಿಸಿ. ರೋಮಿನ ಚಕ್ರವರ್ತಿ ಜೂಲಿಯನ್ ಕ್ರೈಸ್ತರ ವಿರೋಧಿ. ಅವನೇ ಸುಮಾರು 362ರಲ್ಲಿ ತನ್ನ ಪುರೋಹಿತನೊಬ್ಬನಿಗೆ ಪತ್ರ ಬರೆಯುತ್ತಾ, ಇವರು ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಾರೆ, ನಮಗೆ ನಾಚಿಕೆಯಾಗಬೇಕು ಎಂದು ಹೇಳಿಕೊಂಡಿದ್ದ. ಇವರು ಇಷ್ಟು ಜನರನ್ನು ಹೇಗೆ ಮುಟ್ಟುತ್ತಾರೆ ಎಂದು ಅವನಿಗೆ ಚಿಂತೆಯಾಗಿತ್ತು.

ಗೊಣಗುವವರ ಬಗ್ಗೆ ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 6ನೇ ಅಧ್ಯಾಯದ ಸಂಗತಿಯನ್ನೂ ನೋಡಿ. ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಬಿಟ್ಟಿದ್ದೀರಿ ಎಂದು ಗ್ರೀಕ್ ಮಾತಾಡುವವರು ದೂರಿದರು. ಅಪೊಸ್ತಲರು ಅವರ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ನೀವೇ ಆರಿಸಿ ಎಂದು ಸಭೆಗೆ ಹೇಳಿ, ಆ ಏಳು ಜನರಿಗೆ ಹಂಚುವ ಕೆಲಸ ಒಪ್ಪಿಸಿದರು. ಆ ಏಳೂ ಹೆಸರು ಗ್ರೀಕ್ ಹೆಸರುಗಳು. ಯಾರ ಕಡೆಯವರು ದೂರಿದರೋ ಆ ಕಡೆಯವರ ಕೈಗೇ ಹಂಚುವ ಕೆಲಸ ಬಂತು ಎಂದು ನನಗೆ ಕಾಣುತ್ತದೆ. ನಿಮ್ಮ ಶಾಖೆಯಲ್ಲಿ ಜಾಸ್ತಿ ಗೊಣಗುವ ಇಬ್ಬರನ್ನು ಆ ಮೂರು ಸಹಿಯ ಗುಂಪಿಗೆ ಸೇರಿಸಿ ನೋಡಿ. ನಾನು ಮೂರು ನಾಲ್ಕು ಕಡೆ ಮಾಡಿಸಿದ್ದೇನೆ. ಒಂದು ಕಡೆ ಮಾತ್ರ ಕೈಕೊಟ್ಟಿತು.

ದಣಿದ 18 ಜನರಿಗೆ ಮೊದಲು ವಿಶ್ರಾಂತಿ ಕೊಡಿ. ಒಂದು ತಿಂಗಳು ಹೊಸದೇನೂ ಶುರುಮಾಡಬೇಡಿ. ಆಮೇಲೆ ಕೆಲಸವನ್ನು ಮೂರು ತಿಂಗಳ ಅವಧಿಗೆ ಕೇಳಿ, ‘ಯಾವಾಗಲೂ’ ಎಂದು ಕೇಳಬೇಡಿ. ಕೊನೆ ಕಾಣುವ ಕೆಲಸಕ್ಕೆ ಹೊಸಬರು ಬರುತ್ತಾರೆ. ಒಂದು ಹೊಸ ಕೆಲಸ ಸೇರಿಸಿದರೆ ಹಳೆಯದೊಂದನ್ನು ನಿಲ್ಲಿಸಿ. ಮತ್ತೆ, ನೆರವು ಪಡೆಯುವ ವೃದ್ಧರಲ್ಲೇ ಕೆಲಸ ಮಾಡಬಲ್ಲವರನ್ನು ಹುಡುಕಿ. ನಡೆಯಲು ಆಗದ ಒಬ್ಬ ಅಜ್ಜ ದಿನಾ ಬೆಳಿಗ್ಗೆ ಹತ್ತು ಒಂಟಿ ಮನೆಗಳಿಗೆ ಫೋನ್ ಮಾಡಿ ‘ಎದ್ರಾ, ಮಾತ್ರೆ ತಗೊಂಡ್ರಾ’ ಎಂದು ಕೇಳಬಹುದು. ಒಂದು ಶಾಖೆಯಲ್ಲಿ ಹೀಗೇ ನಡೆಯುತ್ತಿತ್ತು. ಒಂದು ದಿನ ಒಬ್ಬರು ಫೋನ್ ಎತ್ತಲಿಲ್ಲ. ಆ ಅಜ್ಜ ಪಕ್ಕದ ಮನೆಯವರನ್ನು ಕಳಿಸಿದ್ದರಿಂದ, ಬಚ್ಚಲಲ್ಲಿ ಜಾರಿಬಿದ್ದಿದ್ದವರು ಬೇಗ ಆಸ್ಪತ್ರೆ ಸೇರಿದರು.

ಹಿರಿಯರ ಮಂಡಳಿಗೆ ದೂರಿನ ಪತ್ರ ಬರೆಯಬೇಡಿ. ಒಂದು ಪುಟದ ವರದಿ ಬರೆಯಿರಿ. 200ರಲ್ಲಿ 60 ಬ್ಯಾಗು ಹಂಚಿದ್ದೇವೆ, 140 ಉಳಿದಿವೆ, ನಮ್ಮ ಸುತ್ತ ಮಕ್ಕಳು ಕಡಿಮೆ ಎಂದು ಮೊದಲ ಸಾಲಲ್ಲೇ ಹೇಳಿ. ಮೂರು ತಿಂಗಳು ನೋಟ್‌ಬುಕ್ ಇಟ್ಟು, ಬಂದದ್ದನ್ನು ತೋರಿಸುತ್ತೇವೆ ಎನ್ನಿ. ಆ ನೋಟ್‌ಬುಕ್ ಪ್ರಕಾರ ಒಂದೇ ಒಂದು ಕೆಲಸಕ್ಕೆ ಆರು ತಿಂಗಳ ಅನುಮತಿ ಮತ್ತು ಸ್ವಲ್ಪ ಹಣ ಕೇಳಿ. ಬಹುಶಃ ಅದು ಆಸ್ಪತ್ರೆಗೆ ಜೊತೆ ಹೋಗುವುದೋ, ಕಾಗದ ಓದಿಹೇಳುವುದೋ ಆಗಿರುತ್ತದೆ. ವರದಿಯಲ್ಲಿ ‘ಜೊತೆ ಕೂತ ಗಂಟೆಗಳು’ ಎಂದು ಒಂದು ಕಾಲಂ ನೀವೇ ಗೆರೆ ಹಾಕಿ ಕಳಿಸಿ. ಅವರು ಒಪ್ಪದಿದ್ದರೆ ಮತ್ತೆ ನನಗೆ ಬರೆಯಿರಿ. ಬೇರೆಯಾಗುವ ಮಾತನ್ನು ಆಗ ಆಡೋಣ.

ಬ್ಯಾಗುಗಳ ವಿಷಯ ಈ ವಾರವೇ ಮುಗಿಸಿ. ಉಳಿದ ನಾಲ್ಕು ಶಾಖೆಗಳಿಗೆ ಫೋನ್ ಮಾಡಿದರೆ, ಶಾಲೆಗೆ ಹತ್ತಿರ ಇರುವ ಯಾವುದಾದರೊಂದು ಶಾಖೆಯಲ್ಲಿ ಬ್ಯಾಗು ಸಾಲದೆ ಹೋಗಿರುತ್ತದೆ. ಅಲ್ಲಿಗೆ 130 ಕಳಿಸಿ. ಹತ್ತು ನಿಮ್ಮಲ್ಲೇ ಇರಲಿ, ಯಾವುದಾದರೂ ಅಜ್ಜಿಯ ಮನೆಗೆ ಮೊಮ್ಮಕ್ಕಳು ಬಂದಾಗ ಬೇಕಾಗುತ್ತದೆ. ಖಾಲಿಯಾದ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಸಿ.